ಬಿಲ್ಡರ್ ಸೋಲದ ಊರು: ‘ಲೋಲಾ’ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಯುದ್ಧಾನಂತರದ ಜರ್ಮನಿಯ ಸಿನಿಮಾಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ರೈನರ್ ವರ್ನರ್ ಫಾಸ್‌ಬಿಂಡರ್ ನಿರ್ದೇಶಿಸಿದ ‘ಲೋಲಾ’ (1981) ಕುರಿತೇ ಇವೆ. ಚಿತ್ರ ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. 1957, ಬವೇರಿಯಾದ ಕೋಬುರ್ಗ್ ಪಟ್ಟಣ. ನಗರಸಭೆಯ ಕಟ್ಟಡ ಇಲಾಖೆಗೆ ಫಾನ್ ಬೋಮ್ ಎಂಬ ಹೊಸ ಅಧಿಕಾರಿ ಬರುತ್ತಾನೆ. ಶುದ್ಧಹಸ್ತ, ಶಿಸ್ತಿನ ಮನುಷ್ಯ. ಊರನ್ನು ಕಟ್ಟುತ್ತಿರುವವನು, ಜೊತೆಗೆ ಊರನ್ನು ಜೇಬಿನಲ್ಲಿ ಇಟ್ಟುಕೊಂಡಿರುವವನು ಶುಕರ್ಟ್ ಎಂಬ ಬಿಲ್ಡರ್. ರಾತ್ರಿಯಾದರೆ ಮೇಯರ್, ಪೊಲೀಸ್ ಮುಖ್ಯಸ್ಥ, ಬ್ಯಾಂಕಿನವ ಎಲ್ಲರೂ ‘ವಿಲ್ಲಾ ಫಿಂಕ್’ ಎಂಬ ವೇಶ್ಯಾಗೃಹದಲ್ಲಿ ಸೇರುತ್ತಾರೆ. ಅಲ್ಲಿ ಹಾಡುವವಳು ಲೋಲಾ. ಅವಳ ಮಗಳ ತಂದೆ ಶುಕರ್ಟ್. ಅವಳು ಯಾರೆಂದು ಗೊತ್ತಿಲ್ಲದೆ ಫಾನ್ ಬೋಮ್ ಅವಳಿಗೆ ಮನಸೋಲುತ್ತಾನೆ. ಗೊತ್ತಾದ ಮೇಲೆ ಊರಿನ ಭ್ರಷ್ಟಾಚಾರದ ವಿರುದ್ಧ ತಿರುಗಿ ಬೀಳುತ್ತಾನೆ. ಕೊನೆಗೆ ಅವಳನ್ನೇ ಮದುವೆಯಾಗುತ್ತಾನೆ, ಶುಕರ್ಟ್‌ನ ಯೋಜನೆಗೂ ಒಪ್ಪಿಗೆ ಸಿಗುತ್ತದೆ.

ಪ್ರಶ್ನೆ: ಫಾನ್ ಬೋಮ್ ಬಳಿ ಪುರಾವೆಗಳಿದ್ದವು. ಆದರೂ ಹಗರಣ ಬಯಲಾಗುವುದೇ ಇಲ್ಲ. ಇದು ಚಿತ್ರಕಥೆಯ ದೋಷವಲ್ಲವೇ? (ಧಾರವಾಡದ ಓದುಗರೊಬ್ಬರು)

ಉತ್ತರ: ದೋಷವಲ್ಲ. ಇಡೀ ಚಿತ್ರ ನಿಂತಿರುವುದೇ ಅದರ ಮೇಲೆ.

ಗುಟ್ಟು ರಟ್ಟಾದರೆ ತಾನೇ ಹಗರಣ? ವಿಲ್ಲಾ ಫಿಂಕ್‌ನಲ್ಲಿ ಗುಟ್ಟೇ ಇಲ್ಲ. ಯಾರು ಯಾರಿಗೆ ಎಷ್ಟು ಕೊಟ್ಟರು, ಯಾವ ಕಡತ ಯಾರ ಮೇಜಿನ ಮೇಲಿದೆ ಎಂಬುದು ಅಲ್ಲಿ ಕೂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವನು ಊರಿಗೆ ಹೊಸಬನಾದ ಫಾನ್ ಬೋಮ್ ಒಬ್ಬನೇ. ಅವನೂ ಪೂರ್ತಿ ಅಮಾಯಕನಲ್ಲ. ಶುಕರ್ಟ್ ಎಂಥವನೆಂದು ಮೊದಲಿನಿಂದಲೂ ಅವನಿಗೆ ಅಂದಾಜಿದೆ. ಮನೆಗಳು ಏಳಬೇಕಾದರೆ ಇಂಥವರ ಹುಮ್ಮಸ್ಸೂ ಬೇಕು ಎಂದು ಸಹಿಸಿಕೊಂಡಿರುತ್ತಾನೆ. ಸಹನೆ ತಪ್ಪುವುದು ಲೋಲಾ ವೇದಿಕೆಯ ಮೇಲೆ ಹಾಡುವುದನ್ನು ಕಣ್ಣಾರೆ ಕಂಡ ರಾತ್ರಿ. ಚಿತ್ರವನ್ನು ಎರಡನೇ ಸಲ ನೋಡುವಾಗ ಈ ಕ್ರಮವನ್ನು ಗಮನಿಸಿ: ಮೊದಲು ಎದೆಗೆ ಪೆಟ್ಟು, ಆಮೇಲೆ ಕಡತಗಳ ಹುಡುಕಾಟ. ನ್ಯಾಯದ ಮಾತಿನ ಒಳಗೆ ಅವಮಾನದ ಉರಿ ಸೇರಿಕೊಂಡಿದೆ. ಅದು ಊರಿನವರಿಗೂ ಗೊತ್ತಾಗಿಬಿಡುತ್ತದೆ. ಅಲ್ಲಿಗೆ ಅವನ ಕೈಯಲ್ಲಿದ್ದ ಪುರಾವೆಗಳ ತೂಕ ಅರ್ಧಕ್ಕಿಳಿಯಿತು.

ಉಳಿದರ್ಧ ಕರಗುವುದು ಕೊಡು-ಕೊಳ್ಳುವಿಕೆಯಲ್ಲಿ. ಶುಕರ್ಟ್ ಯಾರಿಗೂ ಬೆದರಿಕೆ ಹಾಕುವುದಿಲ್ಲ, ಯಾರನ್ನೂ ಹೊಡೆಸುವುದಿಲ್ಲ. ಯಾರಿಗೆ ಏನು ಬೇಕೋ ಅದನ್ನು ಕೊಡುತ್ತಾನೆ. ಹಗಲು ಕಚೇರಿಯಲ್ಲಿ, ರಾತ್ರಿ ವಿಲ್ಲಾ ಫಿಂಕ್‌ನ ವಾದ್ಯಗಾರರ ಜೊತೆ ಇರುವ ಎಸ್ಲಿನ್ ಎಂಬ ಯುವಕ ಅರಾಜಕತಾವಾದಿ ಚಿಂತಕ ಬಕುನಿನ್‌ನನ್ನು ಓದುತ್ತಾನೆ, ಸೈನ್ಯದ ಮರುಸ್ಥಾಪನೆಯನ್ನು ವಿರೋಧಿಸುತ್ತಾನೆ. ಚಿತ್ರ ಮುಗಿಯುವಾಗ ಅವನು ಶುಕರ್ಟ್‌ನ ಸಂಬಳದ ಮನುಷ್ಯ. ಲೋಲಾಳಿಗೆ ಗಂಡನ ಹೆಸರಿನಲ್ಲಿರುವ, ಕುಲೀನ ಮನೆತನದ ಗುರುತಾದ ‘ಫಾನ್’ ಸಿಗುತ್ತದೆ, ಜೊತೆಗೆ ವಿಲ್ಲಾ ಫಿಂಕ್ ಕಟ್ಟಡ ಮಗಳ ಹೆಸರಿಗೆ ಉಡುಗೊರೆಯಾಗಿ ಬರುತ್ತದೆ. ಫಾನ್ ಬೋಮ್‌ಗೆ ಲೋಲಾ. ಶುಕರ್ಟ್‌ಗೆ ಲಿಂಡೆನ್‌ಹೋಫ್ ಯೋಜನೆಯ ಪರವಾನಗಿ. ಮದುವೆಯ ದಿನವೇ, ಗಂಡ ಮಗುವಿನ ಜೊತೆ ಕಾಡಿನಲ್ಲಿ ಅಡ್ಡಾಡುತ್ತಿರುವಾಗ, ಮದುವೆಯ ಉಡುಪಿನಲ್ಲೇ ಲೋಲಾ ಶುಕರ್ಟ್ ಬಳಿ ಹೋಗುತ್ತಾಳೆ. ಅಸೂಯೆ, ಅವಮಾನ, ಆದರ್ಶ ಎಲ್ಲಕ್ಕೂ ಬೆಲೆ ಕಟ್ಟಿ ಚುಕ್ತಾ ಮಾಡಿದ ಮೇಲೆ ಬಯಲಿಗೆಳೆಯುವವನು ಯಾರು? ಹಗರಣವನ್ನು ಮುಚ್ಚಿಹಾಕಿದರು ಎನ್ನುವುದಕ್ಕಿಂತ, ಅದನ್ನು ಸಂಸಾರದೊಳಗೆ ಸೇರಿಸಿಕೊಂಡರು ಎಂದರೆ ಸರಿ.

ಪ್ರಶ್ನೆ: ಶುಕರ್ಟ್ ನಿಜವಾಗಿ ಹಣ ಮಾಡುವುದು ಹೇಗೆ? ಚಿತ್ರದಲ್ಲಿ ‘ಯೋಜನೆ’, ‘ಪರವಾನಗಿ’ ಎನ್ನುತ್ತಾರೆಯೇ ಹೊರತು ಲೆಕ್ಕ ತೋರಿಸುವುದಿಲ್ಲ. (ಹುಬ್ಬಳ್ಳಿಯ ಸಿವಿಲ್ ಎಂಜಿನಿಯರ್)

ಉತ್ತರ: 1957ರ ಕಾಲವನ್ನು ಬಲ್ಲ ಜರ್ಮನ್ ಪ್ರೇಕ್ಷಕನಿಗೆ ಗೊತ್ತಿದ್ದ ಲೆಕ್ಕವಾದ್ದರಿಂದ ಚಿತ್ರ ವಿವರಿಸಲು ಹೋಗಿಲ್ಲ. ನಮಗೆ ಬೇಕು.

ಮೊದಲು ಬೇಡಿಕೆ. ಬಾಂಬ್ ದಾಳಿಯಲ್ಲಿ ಪಶ್ಚಿಮ ಜರ್ಮನಿಯ ಭಾಗದಲ್ಲಿ 20 ಲಕ್ಷಕ್ಕೂ ಹೆಚ್ಚು ಮನೆಗಳು ನಾಶವಾಗಿದ್ದವು. ಅದರ ಮೇಲೆ ಪೂರ್ವದ ಪ್ರದೇಶಗಳಿಂದ ಹೊರದಬ್ಬಲ್ಪಟ್ಟ ಸುಮಾರು 80 ಲಕ್ಷ ಜನ 1950ರ ಹೊತ್ತಿಗೆ ಅಲ್ಲಿಗೆ ಬಂದು ಸೇರಿದ್ದರು. 1950ರ ಮೊದಲ ವಸತಿ ಕಾಯ್ದೆ ಆರು ವರ್ಷಗಳಲ್ಲಿ 18 ಲಕ್ಷ ಸಾಮಾಜಿಕ ವಸತಿ ಮನೆಗಳ ಗುರಿ ಇಟ್ಟಿತು. 32ರಿಂದ 65 ಚದರ ಮೀಟರ್‌ನ ಮನೆಗಳು, ಬಾಡಿಗೆ ಚದರ ಮೀಟರಿಗೆ ತಿಂಗಳಿಗೆ ಸುಮಾರು ಒಂದು ಮಾರ್ಕ್ (ಆಗಿನ ಜರ್ಮನ್ ನಾಣ್ಯ). ಈ ಬಾಡಿಗೆಯಲ್ಲಿ ಲಾಭ ಅಷ್ಟಕ್ಕಷ್ಟೇ. ಆದರೆ ಸರ್ಕಾರದ ಅಗ್ಗದ ಸಾಲ ಸಿಗುವುದರಿಂದ ಗುತ್ತಿಗೆದಾರನ ಕೈಯಲ್ಲಿ ಕೆಲಸ ನಿಲ್ಲುವುದಿಲ್ಲ.

ಎರಡನೆಯದು ತೆರಿಗೆ. ಆದಾಯ ತೆರಿಗೆ ಕಾಯ್ದೆಯ 7ಬಿ ಕಲಮಿನಂತೆ ಹೊಸ ವಸತಿ ಕಟ್ಟಡದ ವೆಚ್ಚದಲ್ಲಿ ಮೊದಲ ಎರಡು ವರ್ಷ ತಲಾ ಶೇ 10, ಮುಂದಿನ ಹತ್ತು ವರ್ಷ ತಲಾ ಶೇ 3 ಸವಕಳಿ (ಕಟ್ಟಡ ಹಳತಾಗುವ ಲೆಕ್ಕದಲ್ಲಿ ಆದಾಯದಿಂದ ಕಳೆಯುವ ಮೊತ್ತ) ತೋರಿಸಬಹುದಿತ್ತು. ಒಂದು ಲಕ್ಷ ಮಾರ್ಕ್‌ನ ಮನೆ ಎಂದುಕೊಳ್ಳಿ. ಎರಡೇ ವರ್ಷದಲ್ಲಿ 20,000, ಹನ್ನೆರಡು ವರ್ಷದಲ್ಲಿ 50,000 ಮಾರ್ಕ್ ತೆರಿಗೆಯ ಲೆಕ್ಕದಿಂದ ಹೊರಗೆ. ಹಣವಿದ್ದ ವೈದ್ಯರು, ವಕೀಲರು, ಅಂಗಡಿ ಮಾಲೀಕರು ಕಟ್ಟಡಕ್ಕೆ ದುಡ್ಡು ಹಾಕಲು ಸಾಲುಗಟ್ಟಿದ್ದು ಇದಕ್ಕೇ.

ದೊಡ್ಡ ಲಾಭ ಇರುವುದು ಮೂರನೆಯದರಲ್ಲಿ, ಅಂದರೆ ಜಮೀನಿನಲ್ಲಿ. ನಮ್ಮಲ್ಲಿ ‘ಕನ್ವರ್ಷನ್’ ಎನ್ನುವ ಒಂದು ಪದದಲ್ಲಿ ಎಷ್ಟು ಹಣ ಅಡಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಹೊಲ, ಹುಲ್ಲುಗಾವಲು ಕಟ್ಟಡ ನಿವೇಶನವಾಗುವುದು ನಗರದ ಯೋಜನಾ ನಕ್ಷೆಯಲ್ಲಿ ಅದರ ಬಣ್ಣ ಬದಲಾದಾಗ. ನಕ್ಷೆ ಮಂಜೂರಾಗುವ ಮೊದಲೇ ಕೊಂಡವನಿಗೆ ಲಾಭ, ಆಮೇಲೆ ಕೊಂಡವನಿಗೆ ಬರೀ ಕಟ್ಟುವ ಕೂಲಿ. ಇದಕ್ಕೆ ಒಂದು ಜರ್ಮನ್ ತಿರುವೂ ಇದೆ. 1936ರಲ್ಲಿ ಹೇರಿದ ಬೆಲೆ ನಿರ್ಬಂಧ ನಿವೇಶನಗಳ ಮಟ್ಟಿಗೆ 1960ರಲ್ಲಿ ಹೊಸ ಕಟ್ಟಡ ಕಾಯ್ದೆ ಬರುವವರೆಗೂ ಜಾರಿಯಲ್ಲಿತ್ತು. ಹಾಗಾಗಿ ಪತ್ರದಲ್ಲಿ ಒಂದು ಬೆಲೆ, ಕೈಯಲ್ಲಿ ಇನ್ನೊಂದು. ಮೇಜಿನ ಕೆಳಗಿನ ಆ ಹಣಕ್ಕೆ ರಸೀದಿಯಿಲ್ಲ. ಅದನ್ನು ನಂಬಿಕೆಯ ಮೇಲೆ ನಡೆಸಬೇಕು, ನಂಬಿಕೆ ಹುಟ್ಟಬೇಕಾದರೆ ಎಲ್ಲರೂ ಒಂದೇ ಜಾಗದಲ್ಲಿ ಕೂತು ಕುಡಿಯಬೇಕು, ಒಬ್ಬರ ಗುಟ್ಟು ಇನ್ನೊಬ್ಬರ ಹತ್ತಿರ ಇರಬೇಕು. ವಿಲ್ಲಾ ಫಿಂಕ್‌ಗೆ ಕಥೆಯಲ್ಲಿ ಇರುವ ಕೆಲಸ ಇದು. ಅದನ್ನು ಬರೀ ಮೋಜಿನ ಜಾಗವೆಂದು ನೋಡಿದರೆ ಅರ್ಧ ಕಥೆ ಕೈತಪ್ಪುತ್ತದೆ.

ಇನ್ನು ಕಟ್ಟಡ ಇಲಾಖೆಯ ಮುಖ್ಯಸ್ಥನೇ ಯಾಕೆ ಬೇಕು? ನಕ್ಷೆಗೆ ಸಹಿ ಅವನದು. ಹಣ ಬ್ಯಾಂಕಿನಿಂದ ಬರಬಹುದು, ಮತ ಮೇಯರನಿಂದ ಬರಬಹುದು. ಸಹಿ ಒಂದೇ ಕೈಯಿಂದ ಬರಬೇಕು.

ಪ್ರಶ್ನೆ: ಒಂದೇ ಚೌಕಟ್ಟಿನಲ್ಲಿ ಲೋಲಾ ಕೆಂಪು, ಫಾನ್ ಬೋಮ್ ನೀಲಿಯಾಗಿ ಕಾಣುತ್ತಾರೆ. ನಮ್ಮ ಕಿರುಚಿತ್ರದಲ್ಲಿ ಪ್ರಯತ್ನಿಸಿದೆವು. ಮುಖಗಳು ಪ್ಲಾಸ್ಟಿಕ್‌ನಂತೆ ಬಂದವು, ಬಿಳಿ ಅಂಗಿ ನೇರಳೆಯಾಯಿತು. ಎಲ್ಲಿ ತಪ್ಪಿತು? (ಮೈಸೂರಿನ ವಿದ್ಯಾರ್ಥಿ ತಂಡ)

ಉತ್ತರ: ಛಾಯಾಗ್ರಾಹಕ ಕ್ಸಾವರ್ ಶ್ವಾರ್ಟ್ಸೆನ್‌ಬೆರ್ಗರ್ ಮಾಡಿದ ಕೆಲಸವನ್ನು ನಕಲು ಮಾಡಲು ಹೊರಟಿದ್ದೇ ಒಳ್ಳೆಯ ಪಾಠ. ಐವತ್ತರ ದಶಕದ ಹಾಲಿವುಡ್ ಬಣ್ಣದ ಮೆಲೊಡ್ರಾಮಾಗಳ ಮಿಠಾಯಿ ಬಣ್ಣಗಳನ್ನು ಅವರು ಇನ್ನೂ ಗಾಢ ಮಾಡಿದರು. ಕಾರಿನೊಳಗಿನ ದೃಶ್ಯ ನೋಡಿ: ಇಬ್ಬರ ನಡುವೆ ಒಂದು ಮೊಳದ ಅಂತರ, ಆದರೂ ಅವಳ ಬೆಳಕು ಅವನ ಮೇಲೆ ಬೀಳುವುದಿಲ್ಲ.

ಪ್ಲಾಸ್ಟಿಕ್ ಮುಖಕ್ಕೆ ಕಾರಣ ಕೆಂಪು ಚಾನೆಲ್ ತುಂಬಿ ಹರಿದಿರುವುದು. ಕ್ಯಾಮೆರಾದ ಒಟ್ಟು ಬೆಳಕಿನ ಗ್ರಾಫ್ ‘ಸರಿಯಾಗಿದೆ’ ಎನ್ನುತ್ತಿರುತ್ತದೆ, ಏಕೆಂದರೆ ಹಸಿರು, ನೀಲಿ ಚಾನೆಲ್‌ಗಳು ಖಾಲಿ. ಕೆಂಪಿನಲ್ಲಿ ಮಾತ್ರ ವಿವರವೆಲ್ಲ ಸುಟ್ಟುಹೋಗಿರುತ್ತದೆ. ಮೂರೂ ಬಣ್ಣಗಳ ಗ್ರಾಫನ್ನು ಬೇರೆ ಬೇರೆಯಾಗಿ ತೆರೆದಿಟ್ಟುಕೊಳ್ಳಿ, ಕೆಂಪು ಬಲಗಡೆಯ ಗೋಡೆಗೆ ತಾಗದಂತೆ ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧಕ್ಕೆ) ಕಡಿಮೆ ಮಾಡಿ. ದೀಪದ ಮುಂದಿನ ಕೆಂಪು ಹಾಳೆಯ ಜೊತೆಗೆ ಮುಖದ ಇನ್ನೊಂದು ಬದಿಗೆ ಬಹಳ ಮಂದವಾದ ಬಿಳಿ ಬೆಳಕು ಕೊಟ್ಟರೆ ಚರ್ಮದ ರಚನೆ ಉಳಿಯುತ್ತದೆ.

ನೇರಳೆ ಅಂಗಿಗೆ ಕಾರಣ ಬೆಳಕು ಸೋರಿದ್ದು. ಬಿಳಿ ಬಟ್ಟೆಯಲ್ಲೇ ಅದು ಮೊದಲು ಕಾಣುವುದು. ದೀಪಗಳನ್ನು ಕ್ಯಾಮೆರಾದ ಎರಡೂ ಬದಿಯಿಂದ ಒಳಮುಖವಾಗಿ ಇಡಬೇಡಿ. ಪಾತ್ರಗಳ ಮೇಲಿನಿಂದ, ಸ್ವಲ್ಪ ಹಿಂದಿನಿಂದ ಬಿಡಿ. ದೀಪಕ್ಕೂ ಎದುರಿನ ಪಾತ್ರಕ್ಕೂ ನಡುವೆ ಕಪ್ಪು ರಟ್ಟು ನಿಲ್ಲಿಸಿ. ರಟ್ಟು ದೀಪಕ್ಕೆ ಹತ್ತಿರವಿದ್ದರೆ ನೆರಳಿನ ಅಂಚು ಮಸುಕಾಗುತ್ತದೆ, ಪಾತ್ರಕ್ಕೆ ಹತ್ತಿರವಿದ್ದರೆ ಅಂಚು ಚೂಪಾಗುತ್ತದೆ. ನಿಮಗೆ ಬೇಕಾದ್ದು ಚೂಪು. ದೀಪವನ್ನು ಒಂದೂವರೆ ಮೀಟರಿನಿಂದ ಮೂರು ಮೀಟರಿಗೆ ಸರಿಸಿದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ. ಹತ್ತಿರದ ಸಣ್ಣ ದೀಪ ದೂರದ ದೊಡ್ಡ ದೀಪಕ್ಕಿಂತ ಕಡಿಮೆ ಸೋರುತ್ತದೆ.

ಗಾಢ ನೀಲಿ ಹಾಳೆ ಬೆಳಕಿನ ಬಹುಪಾಲನ್ನು ನುಂಗುತ್ತದೆ. ನಮ್ಮ ಕಂದು ಚರ್ಮ ನೀಲಿಯನ್ನು ಹಿಂದಿರುಗಿಸುವುದೂ ಕಡಿಮೆ. ಆದ್ದರಿಂದ ನೀಲಿ ದೀಪಕ್ಕೆ ಕೆಂಪಿನ ಕನಿಷ್ಠ ಎರಡರಷ್ಟು ಶಕ್ತಿಯಿಂದ ಆರಂಭಿಸಿ, ಕಣ್ಣಿಗೆ ಸರಿಯೆನಿಸುವವರೆಗೆ ಏರಿಸಿ. ವೈಟ್ ಬ್ಯಾಲೆನ್ಸನ್ನು ಒಂದೇ ಅಂಕಿಯಲ್ಲಿ ಬೀಗ ಹಾಕಿ. ಆಟೋ ಬಿಟ್ಟರೆ ನೀವು ಕಷ್ಟಪಟ್ಟು ಹಾಕಿದ ಬಣ್ಣವನ್ನು ಕ್ಯಾಮೆರಾ ತಾನೇ ತೊಳೆದುಬಿಡುತ್ತದೆ.

ಕೊನೆಯದಾಗಿ ಒಂದು ಮಾತು. ‘ಲೋಲಾ’ದಲ್ಲಿ ಈ ಬಣ್ಣಗಳು ಅಲಂಕಾರಕ್ಕೆ ಬಂದವಲ್ಲ. ಅವನ ತಣ್ಣನೆಯ ನೀಲಿ ಅವಳ ಕೆಂಪಿನಲ್ಲಿ ಯಾವಾಗ ಕರಗುತ್ತದೆ ಎಂಬುದೇ ಕಥೆಯ ಓಟ. ನಿಮ್ಮ ಕಿರುಚಿತ್ರದಲ್ಲಿ ಎರಡು ಬಣ್ಣಗಳಿಗೆ ಅಂಥ ಓಟ ಇದೆಯೇ ಎಂದು ಚಿತ್ರಕಥೆಯಲ್ಲೇ ಗುರುತು ಹಾಕಿಕೊಳ್ಳಿ.

ಪ್ರಶ್ನೆ: ಫಾನ್ ಬೋಮ್ ಲೋಲಾಳ ಕೈಗೆ ಮುತ್ತಿಡುವುದು ಅಷ್ಟು ದೊಡ್ಡ ಸಂಗತಿಯೇಕೆ? ಸುತ್ತ ನಿಂತವರೆಲ್ಲ ಬೆಚ್ಚುತ್ತಾರಲ್ಲ! (ಉಡುಪಿಯ ಓದುಗರು)

ಉತ್ತರ: ಆ ಕಾಲದ ಶಿಷ್ಟಾಚಾರದಲ್ಲಿ ಕೈಗೆ ಮುತ್ತು ವಿವಾಹಿತ, ಗೌರವಸ್ಥ ಮಹಿಳೆಗೆ ಸಲ್ಲುವ ಮರ್ಯಾದೆ. ಊರಿನ ಗಂಡಸರು ಲೋಲಾಳನ್ನು ರಾತ್ರಿ ಮುಟ್ಟುತ್ತಾರೆ, ಹಗಲು ಕಂಡರೆ ಗುರುತು ಹಿಡಿಯುವುದಿಲ್ಲ. ಅಂಥವಳಿಗೆ ಹೆಸರಿನ ಮುಂದೆ ‘ಫಾನ್’ ಇರುವ ಅಧಿಕಾರಿ ಎಲ್ಲರೆದುರು ತಲೆಬಾಗಿದರೆ, ಒಂದೇ ಕ್ಷಣದಲ್ಲಿ ಅವಳು ಮೆಟ್ಟಿಲು ಹತ್ತಿಬಿಟ್ಟಳು. ಇದು ಅವಳು ಪಂತ ಕಟ್ಟಿ ಗೆದ್ದದ್ದು ಎಂಬುದು ಪ್ರೇಕ್ಷಕರಾದ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿ ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಮಾಯವಾಗುತ್ತದೆ. ಜರ್ಮನ್ ಭಾಷೆಯಲ್ಲಿ ‘ಝೀ’ ನಮ್ಮ ‘ನೀವು’, ‘ಡು’ ನಮ್ಮ ‘ನೀನು’. ಇಂಗ್ಲಿಷ್ ಎರಡಕ್ಕೂ ಒಂದೇ ಪದ ಹಾಕುತ್ತದೆ. ಕನ್ನಡ ಕಿವಿಗೆ ಇದು ಸುಲಭವಾಗಿ ದಕ್ಕುವ ವಿಷಯ, ಸ್ವಲ್ಪ ಕಿವಿಗೊಟ್ಟರೆ ಸಾಕು. ವಿಲ್ಲಾ ಫಿಂಕ್‌ನಲ್ಲಿ ಲೋಲಾಳಿಗೆ ಸಿಗುವುದು ಏಕವಚನ. ಫಾನ್ ಬೋಮ್‌ನಿಂದ ಸಿಗುವುದು ಬಹುವಚನ. ಅವಳು ಅವನಲ್ಲಿ ಮೊದಲು ಇಷ್ಟಪಟ್ಟದ್ದು ಆ ಬಹುವಚನವನ್ನೇ ಎಂದು ನಮಗನಿಸುತ್ತದೆ. ಕನ್ನಡದಲ್ಲಿ ಸಬ್‌ಟೈಟಲ್ ಬರೆಯುವವರು ಯಾವ ಸಾಲಿನಲ್ಲಿ ‘ನೀವು’ ಹೋಗಿ ‘ನೀನು’ ಬರುತ್ತದೆ ಎಂಬುದನ್ನು ಮೊದಲು ಪಟ್ಟಿ ಮಾಡಿಕೊಂಡು ಆಮೇಲೆ ಅನುವಾದಕ್ಕೆ ಕೂರಬೇಕು.

ಪ್ರಶ್ನೆ: ಸಿಕ್ಕಿಬಿದ್ದಾಗ ಲೋಲಾ ಹುಚ್ಚು ಹಿಡಿದವಳಂತೆ ಹಾಡುವ ಹಾಡು ಯಾವುದು? (ಹಾಸನ)

ಉತ್ತರ: ಕಾಪ್ರಿ ದ್ವೀಪದ ಬೆಸ್ತರ ಹಾಡು, ‘ಕಾಪ್ರಿ-ಫಿಷರ್’. ಸಂಗೀತ ಗೆರ್ಹಾರ್ಡ್ ವಿಂಕ್ಲರ್ ಅವರದು. ಯುದ್ಧದ ನಡುವೆ ಹುಟ್ಟಿತು, ಕಾಪ್ರಿ ಮಿತ್ರಪಡೆಗಳ ವಶವಾದ ಕಾರಣ ರೇಡಿಯೊದಿಂದ ಮರೆಯಾಯಿತು. ಯುದ್ಧ ಮುಗಿದ ಮೇಲೆ ರೂಡಿ ಶುರಿಕೆ ಅವರ ದನಿಯಲ್ಲಿ ಮನೆಮಾತಾಯಿತು. ಐವತ್ತರ ದಶಕದ ಜರ್ಮನರಿಗೆ ಅದು ಕಾರು ಹತ್ತಿ ಇಟಲಿಗೆ ರಜೆ ಹೋಗುವ ಕನಸಿನ ಹಾಡು. ಕಡಲು, ಸೂರ್ಯಾಸ್ತ, ನಿಷ್ಠೆಯಿಂದ ಕಾಯುವ ಪ್ರೇಯಸಿ. ಮೇಜಿಂದ ಮೇಜಿಗೆ ಸುತ್ತುತ್ತ ಬಾರ್ಬರಾ ಸುಕೋವಾ ಅದೇ ಸಿಹಿ ಹಾಡನ್ನು ಚೀರಿ ಹಾಡುವಾಗ ಆ ಕನಸು ಚಿಂದಿಯಾಗುತ್ತದೆ. ಈ ಪಾತ್ರಕ್ಕಾಗಿ ಅವರಿಗೆ ಜರ್ಮನ್ ಚಲನಚಿತ್ರ ಪ್ರಶಸ್ತಿ ಬಂತು.

ಪ್ರಶ್ನೆ: ‘ಲೋಲಾ’ಗಿಂತ ಮೊದಲೇ, ಆ ಕಾಲದಲ್ಲೇ, ಇಂಥ ಚಿತ್ರ ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲವೇ? (ಬೆಂಗಳೂರಿನ ಓದುಗರು)

ಉತ್ತರ: ಇತ್ತು. 1958ರ ‘ದಾಸ್ ಮೇಡ್ಶೆನ್ ರೋಸೆಮರಿ’, ನಿರ್ದೇಶನ ರೋಲ್ಫ್ ಥೀಲೆ, ನಾಯಕಿ ನಾದ್ಯಾ ಟಿಲ್ಲರ್. ಇದನ್ನು ನೋಡದೆ ‘ಲೋಲಾ’ ಪೂರ್ಣವಾಗುವುದಿಲ್ಲ ಎಂದೇ ನಮ್ಮ ನಂಬಿಕೆ.

ಅದರ ಬೆನ್ನಿಗಿರುವುದು ನಿಜ ಪ್ರಕರಣ. 1957ರ ನವೆಂಬರ್ 1ರಂದು ಫ್ರಾಂಕ್‌ಫರ್ಟ್‌ನ ಶ್ಟಿಫ್ಟ್ ಬೀದಿಯ ಫ್ಲಾಟ್ ಒಂದರಲ್ಲಿ ರೋಸೆಮರಿ ನಿಟ್ರಿಬಿಟ್ ಎಂಬ 24ರ ಹೆಣ್ಣುಮಗಳ ಶವ ಸಿಕ್ಕಿತು. ಕಡುಬಡತನದಲ್ಲಿ ಬೆಳೆದು, ವೇಶ್ಯಾವೃತ್ತಿಯಿಂದ ಸಿರಿವಂತರ ವಲಯ ಮುಟ್ಟಿದವಳು. ಅವಳನ್ನು ನಗರವೆಲ್ಲ ಗುರುತಿಸುತ್ತಿದ್ದದ್ದು ಕೆಂಪು ಸೀಟಿನ ಕಪ್ಪು ಮರ್ಸಿಡಿಸ್ 190 ಎಸ್‌ಎಲ್ ಕಾರಿನಿಂದ. ಅದರ ಬೆಲೆ ಸುಮಾರು 16,500 ಮಾರ್ಕ್. ಆ ವರ್ಷ ಸಂಬಳದಾರನೊಬ್ಬನ ಸರಾಸರಿ ವಾರ್ಷಿಕ ಗಳಿಕೆ 5,000 ಮಾರ್ಕ್‌ನ ಆಸುಪಾಸು. ಮೂರು ವರ್ಷದ ದುಡಿಮೆ ಬೀದಿಯಲ್ಲಿ ಓಡಾಡುತ್ತಿತ್ತು!

ತನಿಖೆ ಮೊದಲ ಗಂಟೆಯಲ್ಲೇ ಕೆಟ್ಟಿತು. ಒಳಗೆ ಹೀಟರ್ ಉರಿಯುತ್ತಿತ್ತು, ವಾಸನೆ ತಡೆಯಲಾರದೆ ಪೊಲೀಸರು ಕಿಟಕಿ ತೆರೆದರು, ಕೋಣೆಯ ಉಷ್ಣಾಂಶ ದಾಖಲಾಗಲಿಲ್ಲ. ಕೋಣೆ ಬಿಸಿಯಾಗಿದ್ದರೆ ಶವ ಬೇಗ ಕೆಡುತ್ತದೆ. ಎಷ್ಟು ಬಿಸಿಯಿತ್ತೆಂದು ಗೊತ್ತಿಲ್ಲದಿದ್ದರೆ ಸಾವಿನ ವೇಳೆಯನ್ನು ಲೆಕ್ಕಹಾಕಲಾಗದು. ವೇಳೆಯೇ ಖಚಿತವಿಲ್ಲದಿದ್ದರೆ ಯಾರು ಎಲ್ಲಿದ್ದರು ಎಂಬ ಸಾಕ್ಷ್ಯಗಳೆಲ್ಲ ಸಡಿಲ. ಅವಳಿಗೆ ಪರಿಚಯವಿದ್ದ ಒಬ್ಬ ವ್ಯಾಪಾರ ಪ್ರತಿನಿಧಿಯ ಮೇಲೆ ಮೊಕದ್ದಮೆ ನಡೆದು, 1960ರಲ್ಲಿ ಪುರಾವೆ ಸಾಲದೆ ಬಿಡುಗಡೆಯಾಯಿತು. ಕೊಲೆಗಾರ ಇಂದಿಗೂ ಪತ್ತೆಯಾಗಿಲ್ಲ. ದೊಡ್ಡವರ ಹೆಸರುಗಳನ್ನು ಕಾಪಾಡಲಿಕ್ಕಾಗಿಯೇ ತನಿಖೆ ಹಳ್ಳ ಹಿಡಿಯಿತು ಎಂಬ ಗುಮಾನಿ ಜನರಲ್ಲಿ ಉಳಿಯಿತು.

ಶವ ಸಿಕ್ಕ ಹತ್ತು ತಿಂಗಳೊಳಗೆ ಚಿತ್ರ ತೆರೆಗೆ ಬಂತು. ಚಿತ್ರಕಥೆಯ ಮುಖ್ಯ ಲೇಖಕ ಎರಿಶ್ ಕುಬಿ ಪತ್ರಕರ್ತ. ಯಾವ ಉದ್ಯಮಿಯ ಹೆಸರನ್ನೂ ಎತ್ತದೆ ‘ಉಷ್ಣನಿರೋಧಕ ಚಾಪೆ’ಗಳ ಕಾರ್ಟೆಲ್ (ಪೈಪೋಟಿ ಬಿಟ್ಟು ಒಂದಾದ ಉದ್ಯಮಿಗಳ ಕೂಟ) ಒಂದನ್ನು ಕಲ್ಪಿಸಿದರು. ಹೋಟೆಲಿನ ಅಂಗಳದಲ್ಲಿ ಒಂದೇ ಥರದ ಕಪ್ಪು ಮರ್ಸಿಡಿಸ್ ಕಾರುಗಳ ಸಾಲು, ಒಂದೇ ಥರ ಹೆಜ್ಜೆ ಹಾಕುವ ಗಂಡಸರು. ಬೀದಿ ಹಾಡುಗಾರರು ಬಂದು ಈ ಸಮೃದ್ಧಿಯನ್ನು ಚುಚ್ಚುತ್ತ ಹಾಡುತ್ತಾರೆ. ರಾಗ ಸಂಯೋಜಿಸಿದ್ದು ‘ಲಿಲಿ ಮಾರ್ಲೇನ್’ ಹಾಡಿನ ನೋರ್ಬರ್ಟ್ ಶುಲ್ಟ್ಸೆ. ಫ್ರಾನ್ಸಿನವನೊಬ್ಬ ರೋಸೆಮರಿಗೆ ಟೇಪ್ ರೆಕಾರ್ಡರ್ ಕೊಡುತ್ತಾನೆ. ಹಾಸಿಗೆಯ ಮಾತುಗಳೆಲ್ಲ ವ್ಯಾಪಾರದ ಗುಟ್ಟುಗಳಾಗಿ ಸುರುಳಿ ಸೇರುತ್ತವೆ. ಆ ಕಾಲದ ಮನೆಬಳಕೆಯ ಯಂತ್ರದಲ್ಲಿ 13 ಸೆಂಟಿಮೀಟರ್ ಸುರುಳಿಗೆ 270 ಮೀಟರ್ ತೆಳು ಟೇಪ್ ಹಿಡಿಯುತ್ತಿತ್ತು. ಸೆಕೆಂಡಿಗೆ ಒಂಬತ್ತೂವರೆ ಸೆಂಟಿಮೀಟರ್ ವೇಗದಲ್ಲಿ ಮುಕ್ಕಾಲು ಗಂಟೆ ಓಡುತ್ತಿತ್ತು. ಒಬ್ಬ ಉದ್ಯಮಿ ತನ್ನ ಗುಟ್ಟು ಬಿಚ್ಚಲು ಸಾಕಾಗುವಷ್ಟು ಸಮಯ.

ಚಿತ್ರ ವೆನಿಸ್ ಉತ್ಸವಕ್ಕೆ ಹೋಗುವುದನ್ನು ಆಗಿನ ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್‌ನ ವಿದೇಶಾಂಗ ಇಲಾಖೆ ವಿರೋಧಿಸಿತು. ದೇಶದ ಮಾನ ಹೋಗುತ್ತದೆ ಎಂಬ ವಾದ. ಆದರೂ 1958ರಲ್ಲಿ ಅಲ್ಲಿ ಪ್ರದರ್ಶನವಾಯಿತು, ಗಲಾಟೆಯೇ ಪ್ರಚಾರವಾಗಿ ಜರ್ಮನಿಯಲ್ಲಿ ಭರ್ಜರಿಯಾಗಿ ಓಡಿತು. ಹೆಚ್ಚು ತಿಳಿದವಳು ಸಾಯುತ್ತಾಳೆ, ಇದು 1958ರ ಚಿತ್ರ. ಹೆಚ್ಚು ತಿಳಿದವಳು ಪಾಲುದಾರಳಾಗುತ್ತಾಳೆ, ಇದು 1981ರ ಚಿತ್ರ. ಎರಡರಲ್ಲಿ ಹೆಚ್ಚು ಭಯ ಹುಟ್ಟಿಸುವುದು ಎರಡನೆಯದೇ ಎಂದು ನಮ್ಮ ಅಭಿಪ್ರಾಯ.

ಪ್ರಶ್ನೆ: ಎರಡೂ ಚಿತ್ರಗಳಲ್ಲಿ ಒಂದೇ ಮುಖ ಕಂಡಂತಾಯಿತು. ಭ್ರಮೆಯೇ? (ಶಿರಸಿ)

ಉತ್ತರ: ಭ್ರಮೆಯಲ್ಲ, ಕಣ್ಣು ಚುರುಕಾಗಿದೆ. ಒಂದಲ್ಲ, ಎರಡು ಮುಖ. 1958ರಲ್ಲಿ ರೋಸೆಮರಿಯ ಜೊತೆ ಅಂಗಳದಲ್ಲಿ ಹಾಡುವ ಬಡ ಬೀದಿ ಹಾಡುಗಾರ ಮಾರಿಯೋ ಅಡೋರ್ಫ್. 23 ವರ್ಷದ ಬಳಿಕ ಅವರೇ ಬಿಲ್ಡರ್ ಶುಕರ್ಟ್. 1958ರಲ್ಲಿ ಹದಿಹರೆಯದ ಹುಡುಗಿಯಾಗಿ ಬಂದ ಕಾರಿನ್ ಬಾಲ್ ‘ಲೋಲಾ’ದಲ್ಲಿ ಲೋಲಾಳ ತಾಯಿ, ಫಾನ್ ಬೋಮ್‌ನ ಮನೆ ನೋಡಿಕೊಳ್ಳುವವಳು. ಹಳೆಯ ಚಿತ್ರ ನೆನಪಿದ್ದ ಜರ್ಮನ್ ಪ್ರೇಕ್ಷಕನಿಗೆ ಹೊಟ್ಟೆಗಿಲ್ಲದ ಹಾಡುಗಾರನೇ ಬಂಗಲೆ ಕಟ್ಟಿಸಿಕೊಂಡು ಎದುರು ನಿಂತಂತೆ. ಶುಕರ್ಟ್‌ನ ಹೆಂಡತಿಯಾಗಿ ಬರುವ ರೋಸೆಲ್ ಝೆಕ್ ಮರುವರ್ಷ ಫಾಸ್‌ಬಿಂಡರ್‌ರ ‘ವೆರೋನಿಕಾ ಫೋಸ್’ ಚಿತ್ರದ ನಾಯಕಿ. ಫಾನ್ ಬೋಮ್ ಆಗಿರುವ ಆರ್ಮಿನ್ ಮ್ಯೂಲರ್-ಸ್ಟಾಲ್ ಪೂರ್ವ ಜರ್ಮನಿಯ ತಾರೆಯಾಗಿದ್ದವರು. 1980ರಲ್ಲಷ್ಟೇ ಪಶ್ಚಿಮಕ್ಕೆ ಬಂದಿದ್ದರು. ಊರಿಗೆ ಹೊಸಬನ ಆ ಬಿಗುಮಾನ ಸಹಜವಾಗಿ ಕಾಣುವುದರಲ್ಲಿ ಅದರ ಪಾಲೂ ಇರಬಹುದು.

ಪ್ರಶ್ನೆ: ಇದು ‘ಬ್ಲೂ ಏಂಜೆಲ್’ನ ರೀಮೇಕ್ ಎನ್ನುತ್ತಾರೆ. ಹೌದೇ? (ಮಂಗಳೂರು)

ಉತ್ತರ: ಅಲ್ಲ. ಹೈನ್ರಿಶ್ ಮಾನ್ 1905ರಲ್ಲಿ ಬರೆದ ‘ಪ್ರೊಫೆಸರ್ ಉನ್‌ರಾಟ್’ ಕಾದಂಬರಿಯಿಂದ 1930ರ ಆ ಚಿತ್ರ ಬಂತು. ಹಾಡುಗಾರ್ತಿಗೆ ಮನಸೋತ ಗೌರವಸ್ಥ ಮೇಷ್ಟ್ರು ಅದರಲ್ಲಿ ಹಾಳಾಗಿ ಸಾಯುತ್ತಾನೆ. ಪೀಟರ್ ಮೆರ್ಟೆಸ್‌ಹೈಮರ್, ಪೆಯಾ ಫ್ರೋಲಿಶ್ ಮತ್ತು ಫಾಸ್‌ಬಿಂಡರ್ ಆ ಎಳೆಯನ್ನಷ್ಟೇ ಹಿಡಿದು 1957ಕ್ಕೆ ಹೊಸ ಕಥೆ ಬರೆದರು. ಇಲ್ಲಿ ಯಾರೂ ಹಾಳಾಗುವುದಿಲ್ಲ, ಎಲ್ಲರೂ ಏಳಿಗೆಯಾಗುತ್ತಾರೆ.

ಪ್ರಶ್ನೆ: ನಮ್ಮ ಚಿತ್ರ ಸಮಾಜದಲ್ಲಿ ಫಾಸ್‌ಬಿಂಡರ್‌ರ ಯುದ್ಧಾನಂತರದ ಜರ್ಮನಿ ಕುರಿತ ಮೂರೂ ಚಿತ್ರಗಳನ್ನು ತೋರಿಸಬೇಕೆಂದಿದ್ದೇವೆ. ಯಾವ ಕ್ರಮ? ಏನೇನು ಎಚ್ಚರ? (ಶಿವಮೊಗ್ಗ)

ಉತ್ತರ: ತಯಾರಾದ ಕ್ರಮ ಬೇರೆ, ಕಥೆಯ ಕ್ರಮ ಬೇರೆ. ‘ಮಾರಿಯಾ ಬ್ರೌನ್‌ಳ ಮದುವೆ’ 1979ರಲ್ಲಿ, ‘ಲೋಲಾ’ 1981ರಲ್ಲಿ, ‘ವೆರೋನಿಕಾ ಫೋಸ್’ 1982ರಲ್ಲಿ ಬಂದವು. ಆದರೆ ನಿರ್ದೇಶಕರೇ ‘ಲೋಲಾ’ಗೆ ಮೂರನೆಯ, ‘ಫೋಸ್’ಗೆ ಎರಡನೆಯ ಸಂಖ್ಯೆ ಕೊಟ್ಟರು. ಕಥೆ ನಡೆಯುವ ಕಾಲ ‘ಮಾರಿಯಾ ಬ್ರೌನ್’ನಲ್ಲಿ 1943ರಿಂದ 54, ‘ಫೋಸ್’ನಲ್ಲಿ 1955, ‘ಲೋಲಾ’ದಲ್ಲಿ 1957. ಮೊದಲ ಸಲ ನೋಡುವವರಿಗೆ ಈ ಸಂಖ್ಯೆಯ ಕ್ರಮವೇ ಸರಿ: ಅವಶೇಷ, ಮರೆವು, ಸಮೃದ್ಧಿ.

ಮೂರು ಭಾನುವಾರಗಳಿಗೆ ಹಂಚಿ. ‘ಮಾರಿಯಾ ಬ್ರೌನ್’ ಎರಡು ಗಂಟೆ, ಉಳಿದೆರಡು ಅದಕ್ಕಿಂತ ಸ್ವಲ್ಪ ಕಡಿಮೆ. ಒಂದೇ ದಿನ ಎರಡು ಹಾಕಿದರೆ ಕಪ್ಪು-ಬಿಳುಪಿನ ‘ಫೋಸ್’ ನೋಡಿದ ಕಣ್ಣು ‘ಲೋಲಾ’ದ ಬಣ್ಣಕ್ಕೆ ಒಗ್ಗುವುದಿಲ್ಲ. ಡಿಸ್ಕ್ ಕೊಂಡ ಮಾತ್ರಕ್ಕೆ ಸಾರ್ವಜನಿಕ ಪ್ರದರ್ಶನದ ಹಕ್ಕು ಬರುವುದಿಲ್ಲ. ಹಕ್ಕುದಾರರಿಂದ ಬರಹದಲ್ಲಿ ಅನುಮತಿ ಪಡೆಯಿರಿ, ಕನಿಷ್ಠ ಎರಡು ತಿಂಗಳು ಮುಂಚೆ ಪತ್ರ ಬರೆಯಿರಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನವನ್ನು ವಿಚಾರಿಸಿ ಆರಂಭಿಸುವುದು ಸುಲಭ. ಹಿಂದಿನ ದಿನ ಅದೇ ಹಾಲಿನಲ್ಲಿ, ಅದೇ ಪ್ರೊಜೆಕ್ಟರಿನಲ್ಲಿ ‘ಲೋಲಾ’ದ ಕಾರಿನ ದೃಶ್ಯ ಹಾಕಿ ನೋಡಿ. ಇಬ್ಬರ ಮುಖವೂ ಒಂದೇ ಗುಲಾಬಿಯಾಗಿ ಕಂಡರೆ ಪ್ರೊಜೆಕ್ಟರ್ ‘ವಿವಿಡ್’ನಲ್ಲಿದೆ ಎಂದರ್ಥ. ‘ಸಿನಿಮಾ’ ಮೋಡ್‌ಗೆ ತನ್ನಿ, ಚಲನೆಯನ್ನು ನುಣುಪು ಮಾಡುವ ಸೌಲಭ್ಯವನ್ನು ಆಫ್ ಮಾಡಿ. ಅದು ಉಳಿದರೆ ಮೂರೂ ಚಿತ್ರ ಧಾರಾವಾಹಿಯಂತೆ ಕಾಣುತ್ತವೆ.

ಪರಿಚಯ ಭಾಷಣ ಐದು ನಿಮಿಷ ಸಾಕು. ಕಥೆ ಹೇಳಬೇಡಿ, ಎರಡು ಸಂಗತಿ ಹೇಳಿ. 1948ರ ಜೂನ್ 20ರಂದು ಹೊಸ ನಾಣ್ಯ ಬಂದಾಗ ತಲೆಗೆ 40 ಮಾರ್ಕ್‌ನಿಂದ ಎಲ್ಲರೂ ಶುರುಮಾಡಿದರು, ಆದರೆ ಜಮೀನು, ಕಾರ್ಖಾನೆ ಇದ್ದವರ ಆಸ್ತಿ ಹಾಗೇ ಉಳಿಯಿತು. 1957ರ ಚುನಾವಣೆಯಲ್ಲಿ ‘ಪ್ರಯೋಗಗಳು ಬೇಡ’ ಎಂಬ ಘೋಷಣೆಯೊಂದಿಗೆ ಚಾನ್ಸಲರ್ ಅಡೆನಾವರ್ ಪಕ್ಷ ಶೇ 50ಕ್ಕೂ ಹೆಚ್ಚು ಮತ ಪಡೆಯಿತು.

ದೀಪ ಹಾಕುವವರಿಗೆ ಒಂದು ಸೂಚನೆ ಕೊಟ್ಟಿರಿ. ‘ಮಾರಿಯಾ ಬ್ರೌನ್’ ಕೊನೆಯಲ್ಲಿ, 1954ರ ವಿಶ್ವಕಪ್ ಫೈನಲ್‌ನ ರೇಡಿಯೊ ವೀಕ್ಷಕ ವಿವರಣೆ ಕಿವಿಗೆ ಬೀಳುತ್ತಿರುವಾಗಲೇ ಗ್ಯಾಸ್ ಸ್ಫೋಟವಾಗುತ್ತದೆ. ಜನ ಮುಗಿಯಿತೆಂದು ಏಳುತ್ತಾರೆ, ಯಾರೋ ಸ್ವಿಚ್ ಒತ್ತುತ್ತಾರೆ. ಒತ್ತಬಾರದು. ಅದರ ಬೆನ್ನಿಗೇ ಅಡೆನಾವರ್, ಎರ್ಹಾರ್ಡ್, ಕೀಸಿಂಗರ್, ಶ್ಮಿಟ್ ಎಂಬ ನಾಲ್ವರು ಚಾನ್ಸಲರ್‌ಗಳ ಭಾವಚಿತ್ರಗಳು ನೆಗೆಟಿವ್‌ನಲ್ಲಿ ಬರುತ್ತವೆ. ನಡುವೆ ಬರಬೇಕಾಗಿದ್ದ ವಿಲಿ ಬ್ರಾಂಟ್ ಇಲ್ಲ. ಚಿತ್ರದ ಮೊದಲ ಚೌಕಟ್ಟಿನಲ್ಲಿ ಇದ್ದದ್ದು ಹಿಟ್ಲರ್‌ನ ಭಾವಚಿತ್ರ. ಅದನ್ನು ಇದಕ್ಕೆ ಜೋಡಿಸಿಕೊಳ್ಳಲು ಪ್ರೇಕ್ಷಕರಿಗೆ ಪೂರ್ತಿ ಕತ್ತಲೆ ಬೇಕು.